ಬೆತ್ತದಿಂದ ಬೆಳೆದ ದೇಶವಂತೆ!

"ನಮ್ಮ ದೇಶಕ್ಕೂ ಚೀನಾದ ಹಾಗೆ ಒಂದು ಬಿಗಿ ಕೈ ಬೇಕು ನೋಡಿ." ಈ ಮಾತು ಕೇಳಿಬರದ ಮದುವೆಮನೆ ಉಂಟೇ? ಎಲೆ ಹಾಕುವುದಕ್ಕೆ ಮೊದಲು ಕುರ್ಚಿ ಎಳೆದುಕೊಂಡು ಕೂತ ಗಂಡಸರಲ್ಲಿ ಯಾರಾದರೊಬ್ಬರು ಇದನ್ನು ಹೇಳಿಯೇ ತೀರುತ್ತಾರೆ. ರಸ್ತೆಯ ಗುಂಡಿಯಿಂದ ಶುರುವಾದ ಮಾತು ಜನಸಂಖ್ಯೆಗೆ ಬಂದು, ಅಲ್ಲಿಂದ ನೇರ ಚೀನಾಕ್ಕೆ ಹಾರುತ್ತದೆ. ಬುಲೆಟ್ ರೈಲು, ಮುಗಿಲು ಮುಟ್ಟುವ ಕಟ್ಟಡ, ಕೊರೋನಾ ಕಾಲದಲ್ಲಿ ಹತ್ತೇ ದಿನಕ್ಕೆ ಎದ್ದು ನಿಂತ ಆಸ್ಪತ್ರೆ, ಎಲ್ಲವೂ ಬರುತ್ತವೆ. "ದಂಡಂ ದಶಗುಣಂ ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?" ಎಂದು ಒಬ್ಬರು ಮುಗಿಸುತ್ತಾರೆ. ಹೆಂಗಸರಾದ ನಾವು ಬಡಿಸುವ ಗಡಿಬಿಡಿಯಲ್ಲಿ ಹೂಂಗುಟ್ಟಿ ಒಳಗೆ ಹೋಗುತ್ತೇವೆ.

ನಾನೀಗ ಹೂಂಗುಟ್ಟುವುದನ್ನು ಬಿಟ್ಟಿದ್ದೇನೆ. 2017ರಿಂದ 2019ರವರೆಗೆ ಎರಡು ವರ್ಷ ಆ ದೇಶದಲ್ಲಿ ಒಲೆ ಹೊತ್ತಿಸಿ ಸಂಸಾರ ಮಾಡಿದವಳು ನಾನು. ಜಗಳಕ್ಕೆ ನಿಲ್ಲುವಷ್ಟು ಹಕ್ಕು ಅದರಿಂದ ಬಂದಿದೆ ಎಂದುಕೊಂಡಿದ್ದೇನೆ.

ನಮ್ಮದು ಹೊಸಪೇಟೆ. ನಾನು ಇಲ್ಲಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಚೀನಾಕ್ಕೂ ನನಗೂ ಮೊದಲ ನಂಟು ಬೆಳೆದದ್ದು ಧೂಳಿನಿಂದ. 2004ರಿಂದಾಚೆಗೆ ಸಂಡೂರಿನ ಅದಿರು ಹೇರಿಕೊಂಡು ಬಂದರಿನ ಕಡೆ ಓಡುವ ಲಾರಿಗಳ ಕಾಲದಲ್ಲಿ ನಮ್ಮ ಮನೆಯ ಕಿಟಕಿ ಒರೆಸಿದ ಬಟ್ಟೆ ಕುಂಕುಮದ ನೀರಲ್ಲಿ ಅದ್ದಿದ ಹಾಗೆ ಆಗುತ್ತಿತ್ತು. 2010ರಲ್ಲಿ ರಾಜ್ಯ ಸರಕಾರ ರಫ್ತು ನಿಲ್ಲಿಸಿತು, 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಆ ಮಣ್ಣಿನ ಬಹುಪಾಲು ಎಲ್ಲಿಗೆ ಹೋಗಿತ್ತೆಂದು ಕಣ್ಣಾರೆ ನೋಡುವ ಯೋಗ ನನಗೆ ಬಂದದ್ದು ನಮ್ಮ ಯಜಮಾನರ ನೌಕರಿಯಿಂದ. ಬೆಂಗಳೂರಿನ ಒಬ್ಬ ಆಮದು ವ್ಯಾಪಾರಿಯ ಖರೀದಿ ಕಚೇರಿಗೆ ಅವರನ್ನು ಯೀವು ಎಂಬ ಊರಿಗೆ ಕಳಿಸಿದರು. ನಾನು ಸಂಬಳವಿಲ್ಲದ ರಜೆ ಹಾಕಿ ಬೆನ್ನು ಹತ್ತಿದೆ.

ಯೀವು ಎಂಬ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಆದರೆ ಅದು ನಿಮ್ಮ ಮನೆಯೊಳಗಿದೆ. ಮಗಳ ತಲೆಯ ಕ್ಲಿಪ್ಪು, ದೀಪಾವಳಿಯ ಬಣ್ಣದ ಬಲ್ಬಿನ ಸರ, ದೇವರ ಫೋಟೋಕ್ಕೆ ಹಾಕುವ ಪ್ಲಾಸ್ಟಿಕ್ ಹೂವಿನ ಹಾರ, ಜಾತ್ರೆಯಲ್ಲಿ ಹತ್ತು ರೂಪಾಯಿಗೆ ಸಿಗುವ ಗಿಲಕಿ, ಇವುಗಳಲ್ಲಿ ಯಾವುದಾದರೂ ಒಂದು ಅಲ್ಲಿಂದ ಬಂದಿರಬಹುದು. ಶಾಂಘೈಯಿಂದ ದಕ್ಷಿಣಕ್ಕೆ, ಝೆಜಿಯಾಂಗ್ ಪ್ರಾಂತ್ಯದ ನಡುವೆ ಇರುವ ಈ ಊರಿನ ಸಗಟು ಮಾರುಕಟ್ಟೆಯಲ್ಲಿ ಸುಮಾರು 75,000 ಅಂಗಡಿಗಳಿವೆ. ಒಂದೊಂದೂ ನಮ್ಮ ದೇವರ ಕೋಣೆಯಷ್ಟು ಅಗಲ. ಗುಂಡಿಗೇ ಒಂದು ಸಾಲು, ಜಿಪ್ಪಿಗೇ ಒಂದು ಸಾಲು. ಕಾಲುಚೀಲ ನೋಡುತ್ತ ಹೋದರೆ ಕಾಲೇ ಸೋತುಹೋಗುತ್ತದೆ.

ಅಲ್ಲಿಯ ದಿನಚರಿಗೆ ಹೊಂದಿಕೊಳ್ಳುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಹಾವು ಹಲ್ಲಿ ತಿನ್ನುವವರ ಊರಲ್ಲಿ ಏನುಣ್ಣುತ್ತೀಯೇ ಎಂದು ಮರುಗಿದ ಬಂಧುಗಳಿಗೆ ನಾನು ಮೊದಲ ವಾರವೇ ತರಕಾರಿ ಸಂತೆಯ ಫೋಟೋ ಕಳಿಸಿದೆ. ಹಾಗಲ, ಹೀರೇಕಾಯಿ, ಕೆಂಪು ಹರಿವೆ, ಕೊನೆಗೆ ಬಸಳೆ ಕೂಡ! ತೊಗರಿಬೇಳೆ ಒಂದನ್ನು ಮಾತ್ರ ನಮ್ಮ ದೇಶದವರ ಅಂಗಡಿಯಿಂದ ತರಬೇಕಾಗುತ್ತಿತ್ತು. ಬೆಳಗಾದರೆ ಬೀದಿಯಲ್ಲಿ ಬಿಸಿ ಸೋಯಾ ಹಾಲು, ಅದಕ್ಕೆ ಅದ್ದಿಕೊಳ್ಳಲು ಎಣ್ಣೆಯಲ್ಲಿ ಕರಿದ ಮೊಳದುದ್ದದ ಹಿಟ್ಟಿನ ಕಡ್ಡಿ. ಚಳಿಗಾಲ ಬಂತೆಂದರೆ ವಿದ್ಯುತ್ ಸ್ಕೂಟರುಗಳ ಮುಂದೆ ರಜಾಯಿಯನ್ನೇ ಕಟ್ಟಿಕೊಂಡು ಹೆಂಗಸರು ಕೆಲಸಕ್ಕೆ ಹೊರಡುವರು. ಮನೆಗಳ ಮುಂದೆ ಸಾಸಿವೆ ಸೊಪ್ಪನ್ನು ಉಪ್ಪು ಹಾಕಿ ಒಣಗಿಸುವುದನ್ನು ಕಂಡಾಗ ನನಗೆ ನಮ್ಮ ಮಾಳಿಗೆಯ ಸಂಡಿಗೆ, ಬಾಳಕದ ನೆನಪು. ಎಲ್ಲರ ಕೈಯಲ್ಲೂ ಒಂದು ಫ್ಲಾಸ್ಕು, ಅದರಲ್ಲಿ ಬಿಸಿನೀರು. ತಲೆನೋವಿಗೂ ಬಿಸಿನೀರು, ಹೊಟ್ಟೆನೋವಿಗೂ ಬಿಸಿನೀರು. ಈ ಒಂದು ವಿಷಯದಲ್ಲಿ ಅವರೂ ನಮ್ಮ ಅತ್ತೆಯವರೂ ಒಂದೇ ಪಾಠಶಾಲೆಯವರು.

ಸಂಜೆ ಏಳಾಯಿತೆಂದರೆ ಬಯಲುಗಳಲ್ಲಿ ಪಾಟಿಗಟ್ಟಲೆ ಹೆಂಗಸರು ಸೇರಿ ಕುಣಿಯುತ್ತಾರೆ. ಹಾಡಿನ ಪೆಟ್ಟಿಗೆ ಒಂದಿದ್ದರೆ ಸಾಕು. ಎಲ್ಲರೂ ಐವತ್ತು ದಾಟಿದವರೇ. ಕಾರ್ಖಾನೆಯಲ್ಲಿ ದುಡಿದ ಹೆಂಗಸಿಗೆ ಆಗ 50ಕ್ಕೇ ನಿವೃತ್ತಿ ಇತ್ತು. 2025ರಿಂದ ಅದನ್ನು ಹಂತಹಂತವಾಗಿ ಏರಿಸುತ್ತಿದ್ದಾರೆ. ರಾತ್ರಿ ಹನ್ನೊಂದಕ್ಕೆ ಒಬ್ಬಳೇ ನಡೆದು ಮನೆಗೆ ಬಂದಾಗಲೂ ನನಗೆ ಹಿಂದೆ ತಿರುಗಿ ನೋಡುವ ಪ್ರಮೇಯ ಬರಲಿಲ್ಲ. ಬಿಗಿ ಕೈಯ ಭಕ್ತರು ಇದನ್ನು ತಮ್ಮ ಖಾತೆಗೆ ಬರೆದುಕೊಳ್ಳುತ್ತಾರೆ, ಮೂಲೆಮೂಲೆಗೂ ಕ್ಯಾಮೆರಾ ಇಟ್ಟಿದ್ದಾರಲ್ಲ ಎಂದು. ಕ್ಯಾಮೆರಾ ಇತ್ತು, ಸುಳ್ಳಲ್ಲ. ಆದರೆ ಆ ಹೊತ್ತಿಗೂ ಬೀದಿ ತುಂಬ ಹೆಂಗಸರಿದ್ದರು. ಹಣ್ಣು ಮಾರುವವಳು, ಕಸ ಗುಡಿಸುವವಳು, ಪಾಳಿ ಮುಗಿಸಿ ಬರುವವಳು, ಕುಣಿದು ಬೆವರಿದವಳು. ನನಗೆ ಧೈರ್ಯ ಕೊಟ್ಟದ್ದು ಅವರೆಂದೇ ನಾನು ಹೇಳುತ್ತೇನೆ.

ಮಾರುಕಟ್ಟೆಯ ಅಂಗಡಿಗಳಲ್ಲೂ ಕೂತವರಲ್ಲಿ ಹೆಚ್ಚಿನವರು ಹೆಂಗಸರೇ. ಒಂದು ಕೈಯಲ್ಲಿ ಕ್ಯಾಲ್ಕುಲೇಟರು, ಇನ್ನೊಂದರಲ್ಲಿ ಅನ್ನದ ಡಬ್ಬಿ, ಗಲ್ಲೆಯ ಹಿಂದೆ ಹೋಮ್‌ವರ್ಕ್ ಬರೆಯುವ ಮಗು. ಅರಬರೊಡನೆ, ಆಫ್ರಿಕದವರೊಡನೆ, ನಮ್ಮವರೊಡನೆ ಕ್ಯಾಲ್ಕುಲೇಟರಿನ ಅಂಕಿಯಲ್ಲೇ ಜಗ್ಗಾಡಿ ದರ ಕುದುರಿಸುತ್ತಾರೆ. ಇಂಥ ಹೆಂಗಸನ್ನು ಅಲ್ಲಿ 'ಲಾವ್‌ಬಾನ್‌ನ್ಯಾಂಗ್' ಎಂದು ಕರೆಯುತ್ತಾರೆ. ದೊಡ್ಡ ಗೌರವದ ಮಾತೆಂದು ತಿಳಿದಿದ್ದೆ. ಅರ್ಥ ಕೇಳಿದರೆ, ಮಾಲೀಕನ ಹೆಂಡತಿ! ಲೆಕ್ಕ ಅವಳದು, ಸಾಲದ ವಸೂಲಿ ಅವಳದು, ಹೆಸರು ಮಾತ್ರ ಅವನದು. ನಮ್ಮೂರ ಕಿರಾಣಿ ಅಂಗಡಿಯ ಕಥೆಯೂ ಇದಕ್ಕಿಂತ ಬೇರೆಯೇನಲ್ಲ.

ಇಷ್ಟು ದೊಡ್ಡ ಪೇಟೆ ಹುಟ್ಟಿದ್ದು ಹೇಗೆ? ಇಲ್ಲಿಗೇ ನಾನು ಬರಬೇಕೆಂದಿದ್ದುದು.

ಯೀವುವಿನ ಮಣ್ಣು ಬಡ ಮಣ್ಣು. ಅಲ್ಲಿಯ ರೈತರು ಚಳಿಗಾಲದಲ್ಲಿ ಹೆಗಲ ಮೇಲೆ ಕಾವಡಿ ಹೊತ್ತು, ಗಿಲಕಿ ಆಡಿಸುತ್ತ ಊರೂರು ಅಲೆದು, ಬೆಲ್ಲದ ಮಿಠಾಯಿ ಕೊಟ್ಟು ಕೋಳಿಯ ಪುಕ್ಕ ತೆಗೆದುಕೊಳ್ಳುತ್ತಿದ್ದರು. ಒಳ್ಳೆಯ ಪುಕ್ಕ ಪೊರಕೆಗೆ, ಉಳಿದದ್ದು ಗದ್ದೆಯ ಗೊಬ್ಬರಕ್ಕೆ. ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುತ್ತಿದ್ದ ನಮ್ಮ ಬೀದಿಯ ವ್ಯಾಪಾರಿಗಳು ನಿಮಗೆ ನೆನಪಾಗಬಹುದು. ಮಾವೋ ಕಾಲದಲ್ಲಿ ಇದೂ ಅಪರಾಧವಾಯಿತು. ಖಾಸಗಿ ಲಾಭ ಮಾಡಿಕೊಳ್ಳುವ 'ಬಂಡವಾಳಶಾಹಿಯ ಬಾಲ' ಎಂದು ಸಿಕ್ಕವರ ಸಾಮಾನು ಕಿತ್ತುಕೊಳ್ಳುತ್ತಿದ್ದರು. ಅದೇ, ನಮ್ಮವರು ಹಂಬಲಿಸುವ ಬಿಗಿ ಕೈ.

1982ರಲ್ಲಿ ಫೆಂಗ್ ಐಚ್ಯಾನ್ ಎಂಬ ಬೀದಿ ವ್ಯಾಪಾರಿ ಹೆಂಗಸು, ಗುಂಡಿ, ಷೂ ಲೇಸಿನಂಥ ಸಣ್ಣಪುಟ್ಟ ಸಾಮಾನು ಮಾರುತ್ತಿದ್ದವಳು, ಅಟ್ಟಿಸಿಕೊಂಡು ಅಟ್ಟಿಸಿಕೊಂಡು ರೋಸಿಹೋಗಿ ಆ ಜಿಲ್ಲೆಯ ಪಕ್ಷದ ಕಾರ್ಯದರ್ಶಿ ಷ್ಯೆ ಗಾವ್‌ಹ್ವಾ ಅವರನ್ನೇ ಹೋಗಿ ತರುಬಿಕೊಂಡಳು. ಮಾರಲು ಬಿಡದಿದ್ದರೆ ಮನೆಮಂದಿ ಹೊಟ್ಟೆಗೇನು ತಿನ್ನಬೇಕು ಎಂಬುದು ಅವಳ ವಾದದ ಸಾರ. ಆ ಅಧಿಕಾರಿಯ ದೊಡ್ಡತನವೆಂದರೆ ಕೇಳಿಸಿಕೊಂಡದ್ದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯೀವುವಿನ ಮೊದಲ ಸಣ್ಣ ಸಾಮಾನಿನ ಪೇಟೆಗೆ ಸರಕಾರದ ಒಪ್ಪಿಗೆ ಸಿಕ್ಕಿತು. 2018ರಲ್ಲಿ ಚೀನಾ ಸರಕಾರವೇ ಷ್ಯೆ ಅವರನ್ನು ಸುಧಾರಣೆಯ ಮುಂದಾಳೆಂದು ಸನ್ಮಾನಿಸಿತು. ಈಗ ಹೇಳಿ, ಈ ಪೇಟೆ ಎದ್ದದ್ದು ಬೆತ್ತ ಬೀಸಿದ್ದರಿಂದಲೋ, ಬೀಸುವುದನ್ನು ನಿಲ್ಲಿಸಿದ್ದರಿಂದಲೋ?

ಇದು ಒಂದೂರಿನ ಮಾತಲ್ಲ. 1978ರ ಚಳಿಗಾಲದಲ್ಲಿ ಆನ್‌ಹುಯಿ ಪ್ರಾಂತ್ಯದ ಷ್ಯಾವ್‌ಗಾಂಗ್ ಎಂಬ ಹಳ್ಳಿಯ 18 ರೈತರು ಸಾಮೂಹಿಕ ಜಮೀನನ್ನು ಮನೆಗಳಿಗೆ ಹಂಚಿಕೊಂಡು ಉಳುವುದೆಂದು ಗುಟ್ಟಾಗಿ ಒಪ್ಪಂದ ಮಾಡಿಕೊಂಡು, ಕೆಂಪು ಶಾಯಿಯ ಹೆಬ್ಬೆಟ್ಟು ಒತ್ತಿದರು. ಸಿಕ್ಕಿಬಿದ್ದವರು ಜೈಲಿಗೆ ಹೋದರೆ ಉಳಿದವರು ಅವರ ಮಕ್ಕಳನ್ನು 18 ವರ್ಷದವರೆಗೆ ಸಾಕಬೇಕೆಂಬ ಮಾತೂ ಅದರಲ್ಲಿತ್ತು. ಸರಕಾರ ಕಡೆಗೆ ಅವರನ್ನು ಜೈಲಿಗೆ ಹಾಕಲಿಲ್ಲ, ಅವರ ದಾರಿಯನ್ನೇ ದೇಶಕ್ಕೆಲ್ಲ ಹಿಡಿಸಿತು. ಚೀನಾದ ಹೊಟ್ಟೆ ತುಂಬಿದ ಕಥೆ ಶುರುವಾಗುವುದು ಅಲ್ಲಿಂದ.

ಬೆತ್ತ ಪೂರ್ತಿ ಬಲದಲ್ಲಿದ್ದ ಕಾಲ ಹೇಗಿತ್ತೆಂಬುದಕ್ಕೂ ದಾಖಲೆ ಇದೆ. 1958ರಲ್ಲಿ 'ಮಹಾ ಜಿಗಿತ'ದ ಹೆಸರಿನಲ್ಲಿ ಹಳ್ಳಿಯ ಮನೆಗಳ ಒಲೆ ಆರಿಸಿದರು. ಎಲ್ಲರೂ ಸಾಮೂಹಿಕ ಊಟದ ಮನೆಯಲ್ಲೇ ಉಣ್ಣಬೇಕು. ಇನ್ನು ಮನೆಯಲ್ಲಿ ಬಾಣಲೆ ಏಕೆಂದು, ಉಕ್ಕಿನ ಉತ್ಪಾದನೆ ಹೆಚ್ಚಿಸಲು ಬಾಣಲೆ, ಬೋಗುಣಿ, ಬಾಗಿಲ ಚಿಲಕಗಳನ್ನು ಕೂಡ ಹಿತ್ತಲ ಕುಲುಮೆಗೆ ಹಾಕಿ ಕರಗಿಸಿದರು. ಬಂದದ್ದು ಯಾವುದಕ್ಕೂ ಬಾರದ ಕಬ್ಬಿಣದ ಕಿಟ್ಟ. ಗುಬ್ಬಿಗಳು ಕಾಳು ತಿನ್ನುತ್ತವೆಂದು ಜನರನ್ನೆಲ್ಲ ನಿಲ್ಲಿಸಿ, ತಗಡು ಬಡಿಸಿ, ಕೂರಲು ಬಿಡದೆ ಹಾರಿಸಿ ಹಾರಿಸಿ ಕೊಂದರು. ಮರುವರ್ಷ ಪೈರಿಗೆ ಹುಳ ಬಿತ್ತು. 1959ರಿಂದ 1961ರ ಆ ಕ್ಷಾಮದಲ್ಲಿ ಸತ್ತವರು ಕಡಿಮೆ ಲೆಕ್ಕ ಹಿಡಿದರೂ ಒಂದೂವರೆ ಕೋಟಿಗೆ ಮೇಲೆ; ಅದರ ಎರಡರಷ್ಟು, ಮೂರರಷ್ಟು ಎನ್ನುವವರೂ ಇದ್ದಾರೆ. ಕೆಳಗಿನ ಅಧಿಕಾರಿಗಳು ಹೆದರಿ ಸುಳ್ಳು ಇಳುವರಿ ಬರೆದು ಕಳಿಸಿದರು, ಆ ಸುಳ್ಳನ್ನು ನಂಬಿ ಮೇಲಿನವರು ಇದ್ದ ಧಾನ್ಯವನ್ನೂ ಎತ್ತಿಕೊಂಡು ಹೋದರು. ಇನ್‌ಸ್ಪೆಕ್ಟರು ಬರುವ ದಿನ ತರಗತಿ ಹೇಗಿರುತ್ತದೆಂದು ಬಲ್ಲ ನಮ್ಮಂಥವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ 1978ರ ನಂತರ ಬಾಗಿಲು ತೆರೆದ ಕೂಡಲೇ ಅವರು ನಮಗಿಂತ ಅಷ್ಟು ಮುಂದೆ ಓಡಿದ್ದು ಹೇಗೆ? ನನ್ನ ಉತ್ತರ ಒಬ್ಬ ಮಾಸ್ತರಿಣಿಯ ಉತ್ತರ. ಅವರ ಹೆಣ್ಣುಮಕ್ಕಳಿಗೆ ಓದು ಬರುತ್ತಿತ್ತು. 1990ರ ಗಣತಿಯ ಹೊತ್ತಿಗೆ ಚೀನಾದ ವಯಸ್ಕ ಹೆಂಗಸರಲ್ಲಿ 100ಕ್ಕೆ ಸುಮಾರು 68 ಮಂದಿ ಅಕ್ಷರಸ್ಥರು. 1991ರಲ್ಲಿ ನಮ್ಮ ದೇಶದಲ್ಲಿ 39, ಕರ್ನಾಟಕದಲ್ಲಿ 44. ಲೆಕ್ಕ ಹಿಡಿಯುವ ರೀತಿ ಎರಡೂ ಕಡೆ ಸ್ವಲ್ಪ ಬೇರೆ. ಆದರೂ ಅಂತರ ಕಣ್ಣಿಗೆ ಹೊಡೆಯುತ್ತದೆ. ಅವರ ಲಿಪಿ ನಮ್ಮದರಂತೆ ಐವತ್ತು ಅಕ್ಷರದ್ದಲ್ಲ. ಪತ್ರಿಕೆ ಓದಬೇಕಾದರೆ ಎರಡು ಮೂರು ಸಾವಿರ ಚಿತ್ರಾಕ್ಷರ ತಲೆಯಲ್ಲಿರಬೇಕು. 1956ರಲ್ಲಿ ಅವನ್ನು ಸರಳಗೊಳಿಸಿ, 1958ರಲ್ಲಿ ಉಚ್ಚಾರ ಕಲಿಸಲು ರೋಮನ್ ಅಕ್ಷರದ ಊರುಗೋಲು ಕೊಟ್ಟರು. ಹಳ್ಳಿಗಳಿಗೆ 'ಬರಿಗಾಲ ವೈದ್ಯರು' ಬಂದರು. 1980ರ ಸುಮಾರಿಗೆ ಚೀನಾದವರ ಸರಾಸರಿ ಆಯುಷ್ಯ ನಮ್ಮವರಿಗಿಂತ ಹೆಚ್ಚುಕಡಿಮೆ ಹತ್ತು ವರ್ಷ ಹೆಚ್ಚಿತ್ತು. ಓದು ಬಂದ, ಆರೋಗ್ಯವಿದ್ದ ಹುಡುಗಿಯರು ಕಾರ್ಖಾನೆ ತೆರೆದೊಡನೆ ಲಕ್ಷಗಟ್ಟಲೆ ಹೊರಟು ಬಂದರು.

"ಅದನ್ನೂ ಬಿಗಿ ಕೈಯೇ ಮಾಡಿದ್ದಲ್ಲವೇ?" ಎಂದು ಒಬ್ಬರು ನನ್ನನ್ನು ಹಿಡಿದು ನಿಲ್ಲಿಸಿದರು. ಸರಕಾರ ಮಾಡಿದ್ದು, ನಿಜ. ಶಾಲೆ ತೆರೆಯುವ ಸರಕಾರ ಬೇರೆ, ಬೆತ್ತ ಹಿಡಿಯುವ ಸರಕಾರ ಬೇರೆ. ಕೇರಳದವರು ಹೆಣ್ಣುಮಕ್ಕಳಿಗೆ ಓದು ಕಲಿಸಿದ್ದು ಯಾವ ಸರ್ವಾಧಿಕಾರಿಯನ್ನು ಕರೆಸಿ? ಇನ್ನು ಚೀನಾದಲ್ಲಿ ಬೆತ್ತ ಶಾಲೆಯೊಳಗೆ ಹೊಕ್ಕಾಗ ಏನಾಯಿತೆಂದು ಕೇಳಿ. 1966ರ ಆಗಸ್ಟ್ 5ರಂದು ಬೀಜಿಂಗಿನ ಹೆಣ್ಣುಮಕ್ಕಳ ಶಾಲೆಯೊಂದರ ಉಪಮುಖ್ಯೋಪಾಧ್ಯಾಯಿನಿ ಬ್ಯಾನ್ ಝೊಂಗ್‌ಯುನ್ ಅವರನ್ನು ಅವರ ವಿದ್ಯಾರ್ಥಿನಿಯರೇ ಕೋಲುಗಳಿಂದ ಬಡಿದು ಕೊಂದರು. ನಾಲ್ಕು ಮಕ್ಕಳ ತಾಯಿ, ಐವತ್ತರ ವಯಸ್ಸು. ನನ್ನ ವಯಸ್ಸಿನವಳೇ ಎಂದು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಾಂಸ್ಕೃತಿಕ ಕ್ರಾಂತಿ ಎಂಬ ಆ ಹುಚ್ಚಿನಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯೇ ಹನ್ನೊಂದು ವರ್ಷ ನಿಂತಿತು. 1977ರ ಡಿಸೆಂಬರಿನಲ್ಲಿ ಮತ್ತೆ ನಡೆಸಿದಾಗ 57 ಲಕ್ಷ ಜನ ಬರೆದರು, ಗದ್ದೆಯಿಂದ, ಗಣಿಯಿಂದ, ಮೂವತ್ತು ದಾಟಿದ ತಂದೆತಾಯಂದಿರು ಕೂಡ ಎದ್ದು ಬಂದು. ಸೀಟು ಸಿಕ್ಕಿದ್ದು 2 ಲಕ್ಷ 70 ಸಾವಿರ ಮಂದಿಗೆ.

ಜನಸಂಖ್ಯೆಯ ಮಾತಿಗೆ ಬರೋಣ. ಮದುವೆಮನೆಯ ಪಂಡಿತರಿಗೆ ಇದು ತುಂಬ ಪ್ರಿಯವಾದ ವಿಷಯ, ಹೆರುವ ಕಷ್ಟ ಅವರದಲ್ಲವಲ್ಲ. 1980ರಿಂದ 2015ರವರೆಗೆ ಚೀನಾದಲ್ಲಿ ಒಂದೇ ಮಗುವಿನ ಕಾನೂನು. ಬಲವಂತದ ಗರ್ಭಪಾತ, ಬಲವಂತದ ಆಪರೇಷನ್ನು, ಕಟ್ಟಲಾರದಷ್ಟು ದಂಡ. ಗಂಡು ಬೇಕೆಂಬ ಹಂಬಲಕ್ಕೆ ಸ್ಕ್ಯಾನಿಂಗ್ ಸೇರಿ, 2004ರ ಸುಮಾರಿಗೆ 100 ಹೆಣ್ಣುಮಕ್ಕಳಿಗೆ 121 ಗಂಡುಮಕ್ಕಳು ಹುಟ್ಟುತ್ತಿದ್ದರು. ವಿಚಿತ್ರವೆಂದರೆ, ಆ ಕಾನೂನು ಬರುವ ಮೊದಲೇ, 1970ರ ದಶಕದಲ್ಲೇ, ಹೆರಿಗೆಯ ಪ್ರಮಾಣ ಅರ್ಧಕ್ಕೆ ಇಳಿದಾಗಿತ್ತು.

ಶಾಂಘೈಯ ಪೀಪಲ್ಸ್ ಪಾರ್ಕಿನಲ್ಲಿ ಶನಿವಾರ, ಭಾನುವಾರ ತಂದೆತಾಯಂದಿರು ಕೊಡೆ ಬಿಚ್ಚಿ ನೆಲಕ್ಕಿಟ್ಟು, ಅದಕ್ಕೆ ಮಗ ಅಥವಾ ಮಗಳ ವಿವರದ ಚೀಟಿ ಅಂಟಿಸಿಕೊಂಡು ಕೂರುತ್ತಾರೆ. ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಸ್ವಂತ ಮನೆ ಇದೆಯೋ ಇಲ್ಲವೋ. ನಮ್ಮ ವಧೂವರರ ಸಮಾವೇಶದಿಂದ ಜಾತಕ ಒಂದನ್ನು ಕಳೆದರೆ ಅಲ್ಲಿದೆ. ನಾನು ಅರ್ಧ ದಿನ ಅಡ್ಡಾಡಿ ನೋಡಿದೆ. ಎಲ್ಲ ಇರುವುದೂ ಒಂದೊಂದೇ ಮಗು. ಆ ಒಂದು ಮಗುವಿನ ತಲೆಯ ಮೇಲೆ ಅಪ್ಪ ಅಮ್ಮ, ಇಬ್ಬರು ಅಜ್ಜಿ, ಇಬ್ಬರು ತಾತ. ನಾಳೆ ಇವರನ್ನೆಲ್ಲ ನೋಡಿಕೊಳ್ಳಬೇಕಾದವಳು ಹೆರಲು ಹಿಂಜರಿದರೆ ತಪ್ಪೇ? 2016ರಲ್ಲಿ ಎರಡು ಮಗುವಿಗೆ, 2021ರಲ್ಲಿ ಮೂರಕ್ಕೆ ಅನುಮತಿ ಕೊಟ್ಟರು. 2025ರಲ್ಲಿ, ಮೂರು ವರ್ಷದೊಳಗಿನ ಒಂದೊಂದು ಮಗುವಿಗೆ ವರ್ಷಕ್ಕೆ 3,600 ಯುವಾನ್ ಕೊಡುವುದಾಗಿಯೂ ಸಾರಿದರು. 2016ರಲ್ಲಿ 1 ಕೋಟಿ 78 ಲಕ್ಷ ಮಕ್ಕಳು ಹುಟ್ಟಿದ್ದ ದೇಶದಲ್ಲಿ 2023ರಲ್ಲಿ ಹುಟ್ಟಿದವರು 90 ಲಕ್ಷ. ಹೊಡೆದು ಮುಚ್ಚಿಸಿದ ಬಾಗಿಲನ್ನು ಈಗ ಬೇಡಿಕೊಂಡರೂ ತೆರೆಯುತ್ತಿಲ್ಲ.

ನಮ್ಮಲ್ಲೂ ಈ ಬೆತ್ತವನ್ನು ಒಮ್ಮೆ ಬೀಸಿ ನೋಡಿದ್ದಾರೆ. ತುರ್ತುಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಮೇಲೆ ಆಪರೇಷನ್ನುಗಳಾದವು. ಮಾಸ್ತರುಗಳಿಗೂ ಇಷ್ಟು 'ಕೇಸು' ತರಬೇಕೆಂದು ಗುರಿ ಹಾಕಿ, ಸಂಬಳ ತಡೆಹಿಡಿಯುವ ಬೆದರಿಕೆ ಹಾಕಿದ್ದ ಕಾಲ. ಜನ ಉತ್ತರ ಕೊಟ್ಟದ್ದು 1977ರ ಚುನಾವಣೆಯಲ್ಲಿ. ಆಮೇಲೆ ಯಾರೂ ಹಾಗೆ ಬೀಸದಿದ್ದರೂ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಹುಡುಗಿಯರನ್ನು ಹತ್ತನೆಯ ತರಗತಿಯವರೆಗೆ ಶಾಲೆಯಲ್ಲಿ ಉಳಿಸಿಕೊಂಡ ನಮ್ಮಂಥ ಸಾವಿರಾರು ಟೀಚರುಗಳಿಗೆ ಇದರಲ್ಲಿ ಒಂದು ಪಾಲಿದೆ. ಯಾರೂ ಹಾರ ಹಾಕಲಿಲ್ಲ, ಆ ಮಾತು ಬಿಡಿ.

ನನ್ನ ಮಟ್ಟಿಗೆ ಚೀನಾ ಎಂದರೆ ನಮ್ಮ ಕಟ್ಟಡದ ಮೆಟ್ಟಿಲು ತೊಳೆಯುತ್ತಿದ್ದ ಆಯಿ. ಕೆಲಸಕ್ಕೆ ಬರುವ ಹೆಂಗಸನ್ನು, ಚಿಕ್ಕಮ್ಮನ ವಯಸ್ಸಿನವರನ್ನು ಅಲ್ಲಿ 'ಆಯಿ' ಎನ್ನುತ್ತಾರೆ. ನನ್ನ ತವರು ಧಾರವಾಡದ ಕಡೆ. ನಮ್ಮಲ್ಲಿ ಅಜ್ಜಿಗೆ ಆಯಿ. ಕರೆದಾಗಲೆಲ್ಲ ನನಗೆ ಹಿತವೆನಿಸುತ್ತಿತ್ತು. ಆಕೆ ಗ್ವಿಝೌ ಎಂಬ ಬಡ ಗುಡ್ಡಗಾಡು ಪ್ರಾಂತ್ಯದವಳು. ಗಂಡ ಕಟ್ಟಡದ ಕೂಲಿ. ಹತ್ತು ವರ್ಷದ ಮಗ ಊರಲ್ಲಿ ಅಜ್ಜಿಯ ಬಳಿ. ವರ್ಷಕ್ಕೊಮ್ಮೆ, ಅವರ ವಸಂತದ ಹಬ್ಬಕ್ಕೆ, ಎರಡು ರೈಲು ಒಂದು ಬಸ್ಸು ಹಿಡಿದು ಹೋಗಿ ಹತ್ತು ದಿನ ಮಗನ ಮುಖ ನೋಡಿ ಬರುತ್ತಿದ್ದಳು. ಮೊಬೈಲಿನ ಅನುವಾದ ನಮ್ಮಿಬ್ಬರ ನಡುವಿನ ದುಭಾಷಿ. ಅದು ಎಡವಟ್ಟು ಮಾಡಿದಾಗಲೆಲ್ಲ ಇಬ್ಬರೂ ನಗುವುದು. ಮಗನನ್ನು ಇಲ್ಲಿಗೇ ಕರೆತಂದು ಶಾಲೆಗೆ ಹಾಕಬಾರದೇ ಎಂದು ಕೇಳಿದ ದಿನ ಮಾತ್ರ ಅವಳು ನಗಲಿಲ್ಲ. ಒಂದೇ ಶಬ್ದ ಹೇಳಿದಳು: ಹುಕೋವ್.

ಹುಕೋವ್ ಎಂದರೆ ಮನೆತನದ ನೋಂದಣಿ. 1958ರ ಕಾನೂನು. ಹುಟ್ಟಿದವರ ಹೆಸರು ಹಳ್ಳಿಯ ಪುಸ್ತಕದಲ್ಲೋ ಪಟ್ಟಣದ ಪುಸ್ತಕದಲ್ಲೋ ಸೇರುತ್ತದೆ. ಹಳ್ಳಿಯ ಹೆಸರಿನವಳು ಪಟ್ಟಣದಲ್ಲಿ ಇಪ್ಪತ್ತು ವರ್ಷ ಮೆಟ್ಟಿಲು ತೊಳೆದರೂ ಅವಳ ಮಗನಿಗೆ ಅಲ್ಲಿಯ ಸರಕಾರಿ ಶಾಲೆಯ ಬಾಗಿಲು ಸಲೀಸಾಗಿ ತೆರೆಯುವುದಿಲ್ಲ. ಕಾಲೇಜಿನ ದೊಡ್ಡ ಪರೀಕ್ಷೆಯನ್ನು ಸಾಮಾನ್ಯವಾಗಿ ಹುಕೋವ್ ಇರುವ ಪ್ರಾಂತ್ಯದಲ್ಲೇ ಬರೆಯಬೇಕು. ಸಣ್ಣ ನಗರಗಳಲ್ಲಿ ಈಚೆಗೆ ಸಡಿಲಿಸಿದ್ದಾರೆ. ದೊಡ್ಡ ನಗರಗಳಲ್ಲಿ ಗಂಟು ಹಾಗೆಯೇ ಇದೆ. ಹೀಗೆ ಊರಲ್ಲೇ ಉಳಿದುಹೋದ ಮಕ್ಕಳ ಸಂಖ್ಯೆ ಆರು ಕೋಟಿಗೆ ಮೇಲೆ ಎಂದು 2013ರಲ್ಲಿ ಚೀನಾದ ಅಖಿಲ ಮಹಿಳಾ ಒಕ್ಕೂಟವೇ ಲೆಕ್ಕ ಕೊಟ್ಟಿತು. ಅಂದಿನ ನಮ್ಮ ಇಡೀ ಕರ್ನಾಟಕದ ಜನಸಂಖ್ಯೆಯಷ್ಟು ಮಕ್ಕಳು. ಅವರನ್ನು ಸಾಕಿದವರು ಅಜ್ಜಿಯರು, ಸಂಬಳವಿಲ್ಲದೆ. ಹತ್ತು ರೂಪಾಯಿಯ ಗಿಲಕಿ ಹತ್ತೇ ರೂಪಾಯಿಗೆ ಸಿಗುವುದರಲ್ಲಿ ಆ ಅಜ್ಜಿಯ ಕೂಲಿಯೂ ಸೇರಿದೆ. ಅದನ್ನು ಯಾರೂ ಕೊಟ್ಟಿಲ್ಲ, ಅಷ್ಟೇ. ಚೀನಾ ಮಾಲೆಂದು ಮೂಗು ಮುರಿಯುವವರಿಗೂ ಇದು ಗೊತ್ತಿಲ್ಲ, ಚೀನಾದ ಶಿಸ್ತೆಂದು ಕೈಮುಗಿಯುವವರಿಗೂ ಗೊತ್ತಿಲ್ಲ.

ಆಯಿ ತನ್ನ ಸರಕಾರವನ್ನು ಒಂದು ಮಾತೂ ಬೈಯಲಿಲ್ಲ ಎಂಬುದನ್ನೂ ಹೇಳಬೇಕು. ಅವಳ ಅಮ್ಮ ಉಪವಾಸ ಕಂಡವಳು, ಇವಳು ಕಂಡಿಲ್ಲ. ಊರಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದ್ದಾಳೆ. ಅದರ ಚಿತ್ರವನ್ನು ಹತ್ತು ಸಲವಾದರೂ ತೋರಿಸಿದ್ದಾಳೆ. ಅವಳ ಹೆಮ್ಮೆಯನ್ನು ಕಸಿದುಕೊಳ್ಳಲು ನಾನ್ಯಾರು? ಆ ಮನೆ ಅವಳ ದುಡಿಮೆಯದು ಎನ್ನುವುದಷ್ಟೇ ನನ್ನ ವಾದ. ಬೆತ್ತದ್ದಲ್ಲ.

ಇದನ್ನೆಲ್ಲ ಈಗ ಏಕೆ ತೆಗೆದೆನೆಂದರೆ, ಬೆತ್ತದ ಮಾತು ಮದುವೆಮನೆಯ ಅಂಗಳದಲ್ಲೇ ನಿಂತಿಲ್ಲ. 2023ರಲ್ಲಿ ನಮ್ಮ ರಾಜ್ಯದವರೇ ಆದ ಇನ್ಫೋಸಿಸ್ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ದೊಡ್ಡವರು, ಅವರ ಸಾಧನೆಗೆ ನಮಸ್ಕಾರ. ಆದರೆ ಮನೆಗೆ ಬಂದ ಮೇಲೆ ಹಿಟ್ಟು ಕಲಸಬೇಕಾದವಳ 70 ಗಂಟೆ ಎಷ್ಟಾಗುತ್ತದೆಂದು ಯಾರಾದರೂ ಕೂಡಿಸಿ ನೋಡಿದರೇ? ಚೀನಾದಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ ದುಡಿಸುವ ಪದ್ಧತಿಗೆ '996' ಎಂದೇ ಹೆಸರು. ನಮ್ಮವರು ಅದನ್ನು ಮಾದರಿಯೆನ್ನುತ್ತಾರೆ. ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೋ 2021ರ ಆಗಸ್ಟಿನಲ್ಲೇ ಅದು ಕಾನೂನುಬಾಹಿರ ಎಂದು ಹೇಳಿಯಾಗಿದೆ.

2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ಅಂಗೀಕರಿಸಿತು. ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆಯವರೆಗೆ ದುಡಿಸಬಹುದು, ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ 145ಕ್ಕೆ ಏರಬಹುದು, ಹೆಂಗಸರಿಗೆ ರಾತ್ರಿಪಾಳಿ ಹಾಕಬಹುದು ಎಂದು. ಚರ್ಚೆ ಎಷ್ಟು ಹೊತ್ತು ನಡೆಯಿತೋ, ನಮ್ಮ ಮನೆಗಳಲ್ಲಂತೂ ಒಂದು ನಿಮಿಷವೂ ನಡೆಯಲಿಲ್ಲ. ಮೊಬೈಲ್ ತಯಾರಿಸುವ ಫಾಕ್ಸ್‌ಕಾನ್ ಕಂಪನಿಯ ಶೆಂಝೆನ್ ಕಾರ್ಖಾನೆಯಲ್ಲಿ 2010ರಲ್ಲಿ ಹತ್ತಕ್ಕೂ ಹೆಚ್ಚು ಎಳೆಯ ಕಾರ್ಮಿಕರು ಒಬ್ಬರ ಹಿಂದೊಬ್ಬರು ಹಾಸ್ಟೆಲಿನ ಮಹಡಿಯಿಂದ ಹಾರಿ ಸತ್ತದ್ದು, ಕಡೆಗೆ ಕಟ್ಟಡಗಳ ಸುತ್ತ ಬಲೆ ಕಟ್ಟಿದ್ದು ಲೋಕಕ್ಕೆಲ್ಲ ಸುದ್ದಿಯಾಗಿತ್ತು. ಅದೇ ಕಂಪನಿಯ ಕಾರ್ಖಾನೆ ಈಗ ದೇವನಹಳ್ಳಿಯಲ್ಲಿದೆ, ಸಾವಿರಾರು ಹುಡುಗಿಯರು ಅಲ್ಲಿ ಕೆಲಸಕ್ಕಿದ್ದಾರೆ. ಕೆಲಸ ಬರಬೇಕು, ನಮ್ಮ ಹುಡುಗಿಯರು ದುಡಿಯಬೇಕು, ತಮ್ಮ ಹೆಸರಲ್ಲಿ ಪಾಸ್‌ಬುಕ್ ಇಟ್ಟುಕೊಳ್ಳಬೇಕು. ನಾನು ಮನೆಯಲ್ಲಿ ಕೂರಿಸುವ ಪೈಕಿ ಅಲ್ಲ. ಕೆಲಸದ ಜೊತೆಗೆ ಬಲೆಯೂ ಬರುತ್ತದೆಯೋ ಎಂದು ಕೇಳುವ ಬಾಯಿ ನಮಗಿರಲಿ ಎನ್ನುತ್ತೇನೆ.

ಆ ಬಾಯಿಗೆ ಎಷ್ಟು ಬೆಲೆ ಎಂಬುದನ್ನು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ತೋರಿಸಿಕೊಟ್ಟಿದ್ದಾರೆ. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣವನ್ನು ಪೂರ್ತಿ ತೆಗೆಯಬಾರದೆಂಬ ಹೊಸ ನಿಯಮದ ವಿರುದ್ಧ ಅವರು ಸಾವಿರಗಟ್ಟಲೆ ರಸ್ತೆಗಿಳಿದರು. ಯಾವ ದೊಡ್ಡ ನಾಯಕನೂ ಕರೆದಿರಲಿಲ್ಲ. ಎರಡೇ ದಿನದಲ್ಲಿ ಕೇಂದ್ರ ಸರಕಾರ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಯೀವುವಿನ ಆಯಿ ಹಾಗೆ ರಸ್ತೆಗಿಳಿಯಲಾರಳು. ಅಲ್ಲಿ ಕಾರ್ಮಿಕರು ಸೇರಬಹುದಾದ ಸಂಘ ಒಂದೇ, ಅದೂ ಪಕ್ಷದ್ದು.

ಕಳೆದ ಮೂರು ವರ್ಷಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಆರೇಳು ಮಂದಿ ಬೆಂಗಳೂರಿನ ಸುತ್ತಿನ ಕಾರ್ಖಾನೆಗಳಿಗೆ ಹೋಗಿದ್ದಾರೆ. ರಾತ್ರಿಪಾಳಿಗೆ ಹೆಂಗಸಿನ ಒಪ್ಪಿಗೆ ಬೇಕೆಂದು ಆ ತಿದ್ದುಪಡಿಯಲ್ಲೂ ಇತ್ತು, 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ. ಹೊರಡುವ ಮೊದಲು ಕಾಲಿಗೆ ನಮಸ್ಕಾರ ಮಾಡಲು ಬಂದವರಿಗೆಲ್ಲ ನಾನು ಹೇಳಿ ಕಳಿಸುತ್ತೇನೆ: ಓದದೆ ಸಹಿ ಹಾಕಬೇಡ, ಒಂದು ಪ್ರತಿ ನಿನ್ನ ಪೆಟ್ಟಿಗೆಯಲ್ಲಿರಲಿ. ಹೋದ ತಿಂಗಳು ಒಬ್ಬಳು ಫೋನ್ ಮಾಡಿದಳು. "ಟೀಚರ್, ಒಂದು ಕಾಗದ ಕೊಟ್ಟಿದ್ದಾರೆ, ಎಲ್ಲ ಇಂಗ್ಲಿಷಿನಲ್ಲಿದೆ, ನಾಳೆ ಬೆಳಿಗ್ಗೆಯೊಳಗೆ ಸಹಿ ಹಾಕಿ ಕೊಡಬೇಕಂತೆ." ಸಹಿ ಹಾಕುವ ಜಾಗ ಬಿಟ್ಟು ಉಳಿದದ್ದನ್ನು ಮೊದಲ ಸಾಲಿನಿಂದ ಓದು ಎಂದೆ. ತಡವರಿಸುತ್ತ, ಅಕ್ಷರ ಕೂಡಿಸುತ್ತ ಓದಿದಳು. ಮುಕ್ಕಾಲು ಗಂಟೆ ಹಿಡಿಯಿತು. ಪಾಳಿ ಎಷ್ಟು ಗಂಟೆಯದು ಎಂದು ಬರೆಯಬೇಕಾದ ಕಡೆ ಖಾಲಿ ಬಿಟ್ಟಿದ್ದರು. ಅದನ್ನು ತುಂಬಿಸಿ ಕೊಡಿ ಎಂದು ಬೆಳಿಗ್ಗೆ ಹೋಗಿ ಕೇಳು ಎಂದು ಹೇಳಿದ್ದೇನೆ.